ಮಗ್ಗದ ಮನೆಯ ನಾಲ್ಕನೇ ಸೈಕಲ್ಲು

ವೀರೇಶ ತಂದೆ ಭೀಮಪ್ಪ ಹೂಲಿ, ವಯಸ್ಸು 64 ವರ್ಷ, ಉದ್ಯೋಗ: ನೂಲಿನ ಗಿರಣಿಯಲ್ಲಿ ಟೈಮ್ ಕೀಪರ್ ಆಗಿದ್ದು ಈಗ ನಿವೃತ್ತ, ವಿದ್ಯಾಭ್ಯಾಸ: ಬಿ.ಎ. ಎರಡನೇ ವರ್ಷದವರೆಗೆ, ವಿಧುರ, ಸಾ: ಗುಡಿ ಹಿಂದಿನ ಓಣಿ, ಬನಹಟ್ಟಿ, ತಾ: ರಬಕವಿ-ಬನಹಟ್ಟಿ, ಜಿ: ಬಾಗಲಕೋಟೆ. ನಾನು ಖುದ್ದು ಠಾಣೆಗೆ ಹಾಜರಾಗಿ, ಯಾರೂ ಹೇಳಿಕೊಡದೆ, ನನ್ನ ಕೈಬರಹದಲ್ಲಿಯೇ ಈ ಮೂಲಕ ತಿಳಿಸುವುದೇನೆಂದರೆ,

ಇಂದು ಬೆಳಿಗ್ಗೆ ನಾನು ಠಾಣೆಗೆ ಬಂದು ಬಾಯಿಮಾತಿನಲ್ಲಿ ಒಬ್ಬನ ಹೆಸರು ಹೇಳಿದ್ದೆ. ನಮ್ಮ ಬಾಜೂ ಮನೆಯ ಜ್ಞಾನೇಶ್ವರ, ವಯಸ್ಸು 34. ಪವರ್‌ಲೂಮ್ ಕೆಟ್ಟರೆ ಮನೆಮನೆಗೆ ಹೋಗಿ ರಿಪೇರಿ ಮಾಡುವ ಜಾಬರ್. ಆತ 10-50ರಿಂದ ಇಲ್ಲಿಯ ಬೆಂಚಿನ ಮೇಲೆ ಕೂತಿದ್ದಾನೆ. ಈಗ ಸಮಯ 1-40. ಆತನ ಹೆಸರು ಕಾಗದದಲ್ಲಿ ಬರಬೇಕೋ ಬೇಡವೋ ಎಂಬುದು ನನ್ನ ಈ ಹೇಳಿಕೆಯ ಮೇಲಿದೆ. ಜಾಬರ್ ಆದವನು ಗಂಡಸರಿಲ್ಲದ ಹೊತ್ತಿನಲ್ಲಿಯೂ ಮನೆಯೊಳಗೆ ಹೋಗಿ ಮಗ್ಗದ ಕೆಳಗೆ ಮಲಗಿ ಕೆಲಸ ಮಾಡುವವನು. ಕಳ್ಳ ಎಂಬ ಮಾತು ಒಮ್ಮೆ ಅಂಟಿದರೆ ಬನಹಟ್ಟಿಯಲ್ಲಿ ಆತನಿಗೆ ಬಾಗಿಲು ತೆಗೆಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಎಲ್ಲವನ್ನೂ ತಾರೀಖಿನ ಪ್ರಕಾರ ಬರೆಯುತ್ತೇನೆ. ಹೆಡ್ ಕಾನ್ಸ್‌ಟೇಬಲ್ ಗಿರಿಮಲ್ಲಪ್ಪನವರು ಒಂದು ಪುಟದಲ್ಲಿ ಮುಗಿಸಿರಿ ಎಂದಿದ್ದಾರೆ. ಒಂದು ಪುಟದಲ್ಲಿ ಆಗುವ ವಿಷಯ ಇದಲ್ಲ.

ನಮ್ಮದು ನೇಕಾರರ ಮನೆ. ಪಡಸಾಲೆಯ ಹಿಂದೆ 34 ಅಡಿ ಉದ್ದ, 16 ಅಡಿ ಅಗಲದ ಮಗ್ಗದ ಕೋಣೆ ಇದೆ. ಮಗ್ಗಗಳನ್ನು ತೆಗೆದು ಆರು ವರ್ಷವಾಯಿತು. ನಡುವೆ ಎರಡು ಕಂಬ, ಉಳಿದದ್ದೆಲ್ಲ ಖಾಲಿ ಸಿಮೆಂಟ್ ನೆಲ. ಅಲ್ಲಿ ನಾನು ನಾಲ್ಕು ಸೈಕಲ್ಲುಗಳನ್ನು ಇಟ್ಟಿದ್ದೇನೆ. ಇಟ್ಟಿದ್ದೇನೆ ಎಂದರೆ ಒಟ್ಟಿಲ್ಲ, ಡಿಸ್‌ಪ್ಲೇ ಮಾಡಿದ್ದೇನೆ. ಮೂಡಣ ಗೋಡೆಗೆ ಕಬ್ಬಿಣದ ಕೊಂಡಿ ಹೊಡೆದು ಮೂರನ್ನು ತೂಗುಹಾಕಿದೆ. ಮೊದಲನೆಯದು ನಮ್ಮ ತಂದೆ ಸೀರೆಯ ಗಂಟು ಹೇರಿಕೊಂಡು ತಿರುಗಿದ್ದು. ಎರಡನೆಯದು ನಾನು ಕಾಲೇಜಿಗೆ ಹೊಡೆದದ್ದು. ಮೂರನೆಯದು ನಮ್ಮ ಮಗಳು ಪ್ರತಿಮಾಳ ಹೈಸ್ಕೂಲಿನದು. ಪ್ರತಿಯೊಂದರ ಕೆಳಗೆ ಅದರ ಹಿಸ್ಟರಿ ಬರೆದ ಹಲಗೆ ಇದೆ. ಬಂದವರಿಗೆ ನಾನು ವಿವರಿಸಿ ಹೇಳುತ್ತೇನೆ. ಒಬ್ಬೊಬ್ಬರಿಗೆ ಸುಮಾರು 40 ನಿಮಿಷ ಹಿಡಿಯುತ್ತದೆ.

ನಾಲ್ಕನೆಯದು ನನ್ನ ಹೆಂಡತಿ ಗಂಗಾಂಬಿಕಾಳ ಲೇಡೀಸ್ ಸೈಕಲ್ಲು. ಆಕೆ ಅಂಗನವಾಡಿ ಶಿಕ್ಷಕಿ. ದಿನಾಂಕ 15-08-2024ರ ಗುರುವಾರ ಬೆಳಿಗ್ಗೆ ಅಂಗನವಾಡಿಯಲ್ಲಿ ಧ್ವಜ ಹಾರಿಸಿ ಅದೇ ಸೈಕಲ್ಲಿನ ಮೇಲೆ ಮನೆಗೆ ಬಂದಳು. ದಿನಾಂಕ 19-08-2024ರಂದು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡಳು. ನಂತರ ನೋಡಿದರೆ ಹಿಂದಿನ ಮಡ್‌ಗಾರ್ಡಿಗೆ ಅಂಗೈಯಷ್ಟು ಕಪ್ಪು ಎರಿಮಣ್ಣು ಮೆತ್ತಿ ಒಣಗಿತ್ತು. ಅದು ಆಕೆಯ ಕೊನೆಯ ಸವಾರಿಯ ಮಣ್ಣು ಎಂದು ನಾನು ಅದನ್ನು ತೆಗೆಯಲಿಲ್ಲ. ತೂಗುಹಾಕಿದರೆ ಉದುರೀತು ಎಂದು ಆರು ಇಂಚು ಎತ್ತರದ ಹಲಗೆಯ ಮೇಲೆ ನಿಲ್ಲಿಸಿದೆ. ಖಂಡೆ ಪೂಜೆಗೆ, ಎಂದರೆ ಆಯುಧ ಪೂಜೆಗೆ, ಉಳಿದ ಮೂರನ್ನು ತೊಳೆದು ವಿಭೂತಿ ಹಚ್ಚುತ್ತೇನೆ. ಇದಕ್ಕೆ ನೀರು ಮುಟ್ಟಿಸದೆ ಹ್ಯಾಂಡಲ್‌ಗೆ ಕುಂಕುಮ ಅಷ್ಟೇ. ತೊಳೆಯದ ಸಾಮಾನಿಗೆ ಪೂಜೆ ಸಲ್ಲುವುದಿಲ್ಲ ಎಂದು ಓಣಿಯವರು ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರತಿ ಗುರುವಾರ ನಾನು 9-40ರ ಬಸ್ಸಿಗೆ ಜಮಖಂಡಿಯಲ್ಲಿರುವ ಪ್ರತಿಮಾಳ ಮನೆಗೆ ಊಟಕ್ಕೆ ಹೋಗಿ ಸಂಜೆ 4-15ಕ್ಕೆ ಮರಳುತ್ತೇನೆ. ಹೆಂಡತಿ ಇದ್ದಾಗಲೂ ಇದೇ ರೂಢಿ. ದಿನಾಂಕ 04-09-2025ರ ಗುರುವಾರ ಬಂದು ನೋಡಿದಾಗ, ಬೆಳಿಗ್ಗೆ ನೆಲದ ಕಡೆಗಿದ್ದ ಮುಂದಿನ ಗಾಲಿಯ ವಾಲ್ವು ಮೇಲಕ್ಕೆ ಬಂದಿತ್ತು. ಇಲಿ ಇರಬಹುದೆಂದುಕೊಂಡೆ. ಆದರೆ ಇಲಿ ಸೈಕಲ್ಲು ಕಡಿಯಬಹುದು, ಗಾಲಿ ತಿರುಗಿಸಲಾರದು.

ದಿನಾಂಕ 11-09-2025ರ ಗುರುವಾರ ಗಾಲಿಗೂ ಹಲಗೆಗೂ ಸೀಮೆಸುಣ್ಣದಿಂದ ಗೆರೆ ಎಳೆದು ಹೋದೆ. ಸಂಜೆ ಎರಡು ಗೆರೆಗಳ ನಡುವೆ ನಾಲ್ಕು ಬೆರಳಿನ ಅಂತರ ಬಿದ್ದಿತ್ತು. ಮುಂಬಾಗಿಲ ಕೀಲಿ ಹಾಗೆಯೇ ಇತ್ತು. ಹಿಂಬಾಗಿಲ ಕೀಲಿಯೂ ಹಾಗೆಯೇ. ನನಗೆ ಆ ವಾರ ನಿದ್ದೆ ಸರಿ ಹತ್ತಲಿಲ್ಲ.

ದಿನಾಂಕ 18-09-2025ರಂದು ಮುಂದಿನ ಗಾಲಿಯ ಕಡ್ಡಿಯಿಂದ ಕಂಬಕ್ಕೆ 9 ಅಡಿ ಉದ್ದದ ಬಿಳಿ ನೂಲಿನ ಎಳೆ ಕಟ್ಟಿ ಹೋದೆ. ಎರಡೂ ತುದಿಗೆ ನನ್ನದೇ ಗಂಟು. ಸಂಜೆ ಎಳೆ ಇದ್ದಲ್ಲಿಯೇ ಇತ್ತು. ಗಂಟೂ ನನ್ನವೇ. ಸಮಾಧಾನವಾಯಿತು. ಆದರೆ ಸೀಯಿಂಗ್ ಈಸ್ ಬಿಲೀವಿಂಗ್ ಎಂದು ನಮಗೆ ಕಾಲೇಜಿನಲ್ಲಿ ಹೇಳಿದ್ದರು. ಅದರ ಮುಂದಿನ ಮಾತು ಮುಟ್ಟಿ ನೋಡುವುದರ ಬಗ್ಗೆ ಏನೋ ಇತ್ತು, ಈಗ ನೆನಪಿಲ್ಲ. ಬೆರಳಾಡಿಸಿ ನೋಡಿದಾಗ ಕಂಬದಿಂದ ಎರಡು ಅಡಿ ದೂರದಲ್ಲಿ ಎಳೆ ತುಸು ಒರಟಾಗಿತ್ತು. ಬೆರಳಿಗೆ ಬೂದಿ ಹತ್ತಿತು. ಯಾರೋ ಎಳೆ ಹರಿದು ಮತ್ತೆ ಕೆಚ್ಚಿದ್ದರು. ಮಗ್ಗದ ಉದ್ದೆಳೆಗಳಿಗೆ ಹಾಸು ಎನ್ನುತ್ತಾರೆ. ಹಳೆಯ ಹಾಸು ಮುಗಿದಾಗ ಅದರ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಗಂಟಿಲ್ಲದೆ ಹೊಸೆದು ಕೂಡಿಸುವುದಕ್ಕೆ ನಾವು ಕೆಚ್ಚುವುದು ಎನ್ನುತ್ತೇವೆ. ಹಾಗಾದರೆ ಕಳ್ಳ ನೇಕಾರಿಕೆ ಬಲ್ಲವನು ಎಂದು ತೀರ್ಮಾನಿಸಿದೆ. ಇದರಿಂದ ನನ್ನ ಅನುಮಾನ ಇಡೀ ಬನಹಟ್ಟಿಯ ಮೇಲೆ ಬಂತು. ಆ ವಾರ ಅಂಗಡಿಯಲ್ಲಿ, ಕಟ್ಟೆಯ ಮೇಲೆ, ಎದುರಿಗೆ ಸಿಕ್ಕವರೆಲ್ಲರ ಬೆರಳ ತುದಿ ನೋಡಿದೆ.

ದಿನಾಂಕ 25-09-2025ರಂದು ಸೈಕಲ್ಲಿನ ಚೈನಿಗೆ ಯಾರೋ ಎಣ್ಣೆ ಬಿಟ್ಟಿದ್ದರು. ಮೂಸಿ ನೋಡಿದೆ. ಮಗ್ಗಕ್ಕೆ ಬಿಡುವ ಎಣ್ಣೆ. ಆಗ ನನಗೆ ಜ್ಞಾನೇಶ್ವರ ನೆನಪಾದ. ಬೇಸಿಗೆಯಲ್ಲಿ ಆತ ಎರಡು ಸಲ, “ಕಾಕಾ, ಕಾಕೂನ ಸೈಕಲ್ಲ ನಿಂತ ನಿಂತ ಜಂಗ ಹಿಡದೀತು. ನಮ್ಮ ರೇಷ್ಮಾಗರೆ ಕೊಡ್ರಿ, ಹೊಡೀಲಿ,” ಎಂದು ಕೇಳಿದ್ದ. ರೇಷ್ಮಾ ಆತನ ಹೆಂಡತಿ. ಇದು ಮ್ಯೂಸಿಯಂ, ಅಂಗಡಿ ಅಲ್ಲ ಎಂದು ನಾನು ಹೇಳಿ ಕಳಿಸಿದ್ದೆ. ದಿನಾಂಕ 02-10-2025 ದಸರೆಯ ದಿನ ಆತ ಬನ್ನಿ ಕೊಡಲು ಬಂದಾಗ, ಬಂಗಾರದಂಗ ಇರೂಣು ಎಂದು ಬಾಯಲ್ಲಿ ಹೇಳುತ್ತ ಕಣ್ಣಿನಲ್ಲಿ ಮಗ್ಗದ ಕೋಣೆಯ ಕಡೆಗೆ ನೋಡಿದ. ನಾನು ಸಮಯ ಬರೆದಿಟ್ಟುಕೊಂಡೆ. ಸಂಜೆ 6-05.

ನಿನ್ನೆ ದಿನಾಂಕ 09-10-2025ರ ಗುರುವಾರ ಸಂಜೆ ಬಂದು ನೋಡಿದಾಗ ಮಡ್‌ಗಾರ್ಡಿನ ಮೇಲೆ ಮಣ್ಣು ಇರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಗುರುತು ಇತ್ತು. ನಾನು ಹಲಗೆಯ ಪಕ್ಕ ಕುಳಿತೆ. ಏಳುವಾಗ 7-30 ಆಗಿತ್ತು. ದೀಪ ಹಚ್ಚಿರಲಿಲ್ಲ.

ಇಂದು ಬೆಳಿಗ್ಗೆ ಓಣಿಯ ಐದು ಮನೆಗಳಲ್ಲಿ ಜ್ಞಾನೇಶ್ವರನ ಹೆಸರು ಹೇಳಿ, 10-05ಕ್ಕೆ ಠಾಣೆಗೆ ಬಂದೆ. ಗಿರಿಮಲ್ಲಪ್ಪನವರು ಸೈಕಲ್ಲು ಹೋಗೇತೇನ್ರಿ ಎಂದು ಕೇಳಿದರು. ಇಲ್ಲ ಎಂದೆ. ಮತ್ತ ಏನ ಹೋಗೇತಿ ಎಂದರು. ಮಣ್ಣು ಹೋಗೇತ್ರಿ ಎಂದೆ. ಅವರು ಪೆನ್ನು ಕೆಳಗಿಟ್ಟು, “ಹೂಲಿಯವರ, ಮಣ್ಣಿಗೆ ಯಾವ ಸೆಕ್ಷನ್ ಹಚ್ಚಲಿರಿ?” ಎಂದರು. ಮನೆಯೊಳಗೆ ಅನ್ಯರು ಬಂದದ್ದು ಖರೆ ಅಲ್ಲವೇ ಎಂದು ಕೇಳಿದೆ. ಆ ಮಾತಿಗೆ ಅವರು ಜ್ಞಾನೇಶ್ವರನನ್ನು ಕರೆಸಿದರು.

ಆತ ಕೆಲಸ ಅರ್ಧಕ್ಕೆ ಬಿಟ್ಟು, ಎಣ್ಣೆಗೈಯಲ್ಲಿಯೇ ಬಂದ. ನನ್ನನ್ನು ನೋಡಿ, “ಕಾಕಾ, ನಾನು?” ಎಂದಷ್ಟೇ ಅಂದ. ಗಿರಿಮಲ್ಲಪ್ಪನವರು ಸೈಕಲ್ಲು ಮುಟ್ಟಿದವರು ಯಾರೆಂದು ಕೇಳಿದಾಗ, ಗೊತ್ತೈತ್ರಿ, ಹೇಳಂಗಿಲ್ಲ ಎಂದ. “ಹೇಳಂಗಿಲ್ಲ ಅಂದ್ರ ನೀನ ಅಂದಂಗಾತಲೇ,” ಎಂದು ಅವರು ಗದರಿದರು. ಆತ, “ಆಗಲಿ ತಗೋರಿ,” ಎಂದು ಬೆಂಚಿನ ಮೇಲೆ ಕೂತ. ಕೇಸ್ ಕ್ಲೋಸ್ಡ್ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಇದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನ 12-10ಕ್ಕೆ ನಮ್ಮ ಓಣಿಯ ಸಾವಕ್ಕನವರು ಠಾಣೆಗೆ ನಡೆದು ಬಂದರು. ವಯಸ್ಸು 51, ವಿಧವೆ. ಮನೆಮನೆಗೆ ಹೋಗಿ ಹಾಸು ಕೆಚ್ಚುವ ಕೆಲಸ. ಸೆರಗು ಸರಿಮಾಡಿಕೊಂಡು, “ಅವನ ಹೆಸರ ತಗೀರಿ, ನನ್ನ ಹೆಸರ ಬರೀರಿ,” ಎಂದರು. ಜ್ಞಾನೇಶ್ವರ ಬೆಂಚಿನಿಂದ ಎದ್ದು, “ಯಾಕ ಬಂದಿ ಅತ್ತಿ? ಸಂಜೀತನಕ ಕುಂತಿರತಿದ್ನಲ್ಲ ನಾನು,” ಎಂದ.

ನಾನು ನಂಬಲಿಲ್ಲ. ಇಬ್ಬರೂ ಕೂಡಿ ನಡೆಸಿದ ನಾಟಕ ಇರಬಹುದೆಂದು ಗಿರಿಮಲ್ಲಪ್ಪನವರಿಗೆ ಹೇಳಿದೆ. ಪುರಾವೆ ಬೇಕೆಂದೆ. ಸಾವಕ್ಕನವರು ನನ್ನ ಟವೆಲ್ಲಿನ ಅಂಚಿನಿಂದ ಒಂದು ಎಳೆ ಎಳೆದು, ಹರಿದು, ದೇವರ ಫೋಟೋದ ಮುಂದಿನ ಊದಿನಕಡ್ಡಿಯ ಬೂದಿ ಬೆರಳಿಗೆ ಹಚ್ಚಿಕೊಂಡು ಕೆಚ್ಚಿಕೊಟ್ಟರು. ನಾಲ್ಕು ಸೆಕೆಂಡ್ ಹಿಡಿಯಿತು. ನಾನೂ ಎಳೆದೆ, ಗಿರಿಮಲ್ಲಪ್ಪನವರೂ ಎಳೆದರು. ಬಿಚ್ಚಲಿಲ್ಲ. ನಂತರ ಜ್ಞಾನೇಶ್ವರನಿಗೆ ಕೊಟ್ಟರು. ಮೂರು ಸಲ ಹೊಸೆದ, ಮೂರು ಸಲವೂ ಜಾರಿತು. “ಎಣ್ಣಿ ಕೈಯಾಗ ಕೆಚ್ಚು ನಿಂದರಂಗಿಲ್ಲ ಅಣ್ಣಾರ. ನಿಮಗ ಗೊತ್ತಿಲ್ಲೇನು?” ಎಂದು ಸಾವಕ್ಕನವರು ಕೇಳಿದರು. ಗೊತ್ತಿತ್ತು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವನು ನಾನು. ಎಳೆ ನೋಡಿದ ದಿನವೇ ಹೊಳೆಯಬೇಕಿತ್ತು. ಎಣ್ಣೆಯ ವಾಸನೆ ಸಿಕ್ಕ ಕೂಡಲೇ ಎಳೆಯನ್ನು ಮರೆತೆ.

ಆಮೇಲೆ ಅವರು ಹೇಳಿದ್ದು ಹೀಗಿದೆ. ರಬಕವಿಯಿಂದಲೂ ಕೆಚ್ಚಲು ಕರೆ ಬರುತ್ತದೆ, ನಡೆದು ಕಾಲು ಸೋತವು, ಸೈಕಲ್ಲು ಕಲಿಯಬೇಕೆಂದು ಗಂಗಾಂಬಿಕಾಳ ಮುಂದೆ ಅಂದಿದ್ದರಂತೆ. ಐವತ್ತರ ಹೆಂಗಸು ಓಣಿಯಲ್ಲಿ ಬಿದ್ದರೆ ನಗುವವರು ಬಹಳ. ಅದಕ್ಕೆ ಗಂಗಾಂಬಿಕಾ, ನಾನು ಜಮಖಂಡಿಗೆ ಹೋದ ಗುರುವಾರಗಳಲ್ಲಿ ಬಾಗಿಲು ಹಾಕಿಕೊಂಡು, ಮಗ್ಗದ ಕೋಣೆಯ ಎರಡು ಕಂಬ ಸುತ್ತಿಸಿ ಕಲಿಸಿದಳಂತೆ. ತಾನು ಅಂಗನವಾಡಿಯಿಂದ ತಡವಾದರೆ ಇರಲಿ ಎಂದು ಹಿಂಬಾಗಿಲಿನ ಎರಡನೇ ಕೀಲಿಕೈಯನ್ನೂ ಕೊಟ್ಟಿದ್ದಳಂತೆ. ಇದು ನಾಲ್ಕು ತಿಂಗಳು ನಡೆದಿದೆ. ನನಗೆ ತಿಳಿದಿರಲಿಲ್ಲ. ನಾನು 22 ವರ್ಷ ಗಿರಣಿಯಲ್ಲಿ ಒಳಗೆ ಬಂದವರ, ಹೊರಗೆ ಹೋದವರ ಟೈಮ್ ಬರೆದವನು.

ಆಕೆ ತೀರಿಕೊಂಡ ಮೇಲೆ ವರ್ಷದ ಕಾರ್ಯ ಆಗುವವರೆಗೆ ಸಾವಕ್ಕನವರು ಆ ಹೊಸ್ತಿಲು ತುಳಿಯಲಿಲ್ಲ. ಕಾರ್ಯ ಆದ ಮೇಲೆ ಮತ್ತೆ ಶುರು ಮಾಡಿದರು. ಎಣ್ಣೆಯನ್ನು ಜ್ಞಾನೇಶ್ವರನ ಕಡೆಯಿಂದ ಇಸಿದುಕೊಂಡದ್ದು ಅವರೇ. ಯಾರಿಗೂ ಹೇಳಬ್ಯಾಡ ಎಂದು ಆಣೆ ಹಾಕಿಸಿಕೊಂಡಿದ್ದರು. ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ. “ಎರಡ ಸಲ ಬಾಗಲಕ್ಕ ಬಂದೀನ್ರಿ. ನೀವು ಗ್ವಾಡಿ ಮ್ಯಾಲಿನ ಸೈಕಲ್ಲಿನ ಪುರಾಣ ಸುರು ಮಾಡಿದ್ರಿ. ಒಲಿ ಮ್ಯಾಲೆ ಹಾಲ ಇಟ್ಟ ಬಂದಿದ್ನಿ, ಎದ್ದ ಹ್ವಾದ್ನಿ,” ಎಂದರು. ಗಿರಿಮಲ್ಲಪ್ಪನವರು ಹಾಳೆಯಿಂದ ಮುಖ ಮುಚ್ಚಿಕೊಂಡರು.

ಮಣ್ಣು ಯಾಕೆ ಒರೆಸಿದಿರಿ ಎಂದು ಕೇಳಿದೆ. ಅದಕ್ಕೆ ಅವರು ತಲೆ ತಗ್ಗಿಸಿ, “ಆ ಮಣ್ಣ ಅಕ್ಕಾರದಲ್ರಿ, ನಂದು. ಝಂಡಾ ಹಾರಿಸಿದ ಆ ಗುರುವಾರ ನೀವು ಹ್ವಾದ ಮ್ಯಾಲೆ ಒಂದ ಸಲ ಹೊರಗ ಹೊಡದ ನೋಡೂಣು ಅಂತ ಕೆನಾಲ ದಾರಿಗಿ ಕರಕೊಂಡ ಹ್ವಾದ್ರು. ಕೆಸರಾಗ ಸೈಕಲ್ಲ ಸಮೇತ ಬಿದ್ನಿ. ಅಕ್ಕಾರು ನಗಾಕ ಹತ್ತಿ, ನಕ್ಕ ನಕ್ಕ ಅಲ್ಲೇ ಕುಂತಬಿಟ್ರು. ನೀವು ಈ ಸಲ ಖಂಡೆ ಪೂಜಿಗೂ ಅದಕ್ಕ ಕೈ ಮುಗದ್ರಿ. ನಾ ಬಿದ್ದ ಕೆಸರಿಗೆ ನೀವು ಕೈ ಮುಗಿಯೂದು ನೋಡಾಕ ಆಗಲಿಲ್ಲ,” ಎಂದರು.

ಹಾಗೆ ಕೂತು ನಕ್ಕದ್ದನ್ನು ನಾನು ನೋಡಿಲ್ಲ. ಸಮಯ ಎಷ್ಟಾಗಿತ್ತು ಎಂದು ಕೇಳಿದೆ. ಒಂದು ಒಂದೂವರೆ ಇರಬೇಕು ಎಂದರು. ಆ ಹೊತ್ತಿಗೆ ನಾನು ಪ್ರತಿಮಾಳ ಮನೆಯಲ್ಲಿ ಊಟಕ್ಕೆ ಕೂತಿದ್ದೆ.

ಇನ್ನೊಂದು ಅನುಮಾನ ಉಳಿಯಿತು. ಅದು ಸಾವಕ್ಕನವರ ಮೇಲಿನದಲ್ಲ, ಜ್ಞಾನೇಶ್ವರನ ಮೇಲಿನದೂ ಅಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿದವಳು ಇದನ್ನು ನನ್ನಿಂದ ಯಾಕೆ ಮುಚ್ಚಿಟ್ಟಳು? ನಾನು ಬೇಡ ಅಂದೇನು ಎಂಬ ಹೆದರಿಕೆಯೇ ಎಂದು ಸಾವಕ್ಕನವರನ್ನು ಕೇಳಿದೆ. ಅವರು ಗಿರಿಮಲ್ಲಪ್ಪನವರ ಪೆನ್ನಿನ ಕಡೆಗೆ ನೋಡಿದರು. ಗಿರಿಮಲ್ಲಪ್ಪನವರು, ಹೇಳವಾ, ಬರಕೊಳ್ಳೂದಿಲ್ಲ ಎಂದರು. ಆದರೆ ನಾನು ಬರೆಯುತ್ತೇನೆ. “ಬ್ಯಾಡ ಅಂತೀರಿ ಅಂತಲ್ರಿ ಅಣ್ಣಾರ. ಗೊತ್ತಾದ್ರ ನೀವ ಕಲಿಸಾಕ ಬರತೀರಿ ಅಂತ ಅಂಜಿದ್ರು.”

ಜ್ಞಾನೇಶ್ವರ ಬೆಂಚಿನ ಮೇಲೆ ನಕ್ಕ. ಈ ಉತ್ತರವನ್ನು ಪರಿಶೀಲಿಸಲು ಸಾಕ್ಷಿದಾರಳು ಈಗ ಇಲ್ಲ. ಆದರೆ ಇದರಲ್ಲಿ ಅನುಮಾನ ಪಡುವಂಥದು ನನಗೆ ಏನೂ ಕಾಣಲಿಲ್ಲ.

ಆದ್ದರಿಂದ ಜ್ಞಾನೇಶ್ವರನ ಮೇಲೆ ನಾನು ಹೇಳಿದ್ದು ತಪ್ಪು. ಆತನನ್ನು ಈಗಲೇ ಕಳಿಸಿಕೊಡಬೇಕು. ಓಣಿಯಲ್ಲಿ ನಾನು ಯಾರ ಮುಂದೆ ಆತನ ಹೆಸರು ಹೇಳಿದ್ದೇನೋ ಆ ಐದು ಮನೆಗಳಿಗೆ ಇಂದು ಸಂಜೆ ನಾನೇ ಹೋಗಿ ತಪ್ಪಾಯಿತೆಂದು ಹೇಳುತ್ತೇನೆ. ಆತನನ್ನೂ ಜೊತೆಗೆ ಬಾ ಎಂದೆ. “ನಡೀರಿ ಕಾಕಾ. ಖರೆ, ಐದ ಮನಿಗಿ ಐದ ತಾಸು ಹಚ್ಚಬ್ಯಾಡ್ರಿ,” ಎಂದಿದ್ದಾನೆ. ಸಾವಕ್ಕನವರ ಮೇಲೆ ನನ್ನದು ಯಾವ ತಕರಾರೂ ಇಲ್ಲ. ಅವರು ಕೀಲಿಕೈಯನ್ನು ಮೇಜಿನ ಮೇಲಿಟ್ಟಿದ್ದರು. ಅದು ನನ್ನ ಹೆಂಡತಿ ಕೊಟ್ಟದ್ದು, ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ನನಗಿಲ್ಲ ಎಂದು ಮರಳಿಸಿದ್ದೇನೆ.

ಕೋಣೆಯಲ್ಲಿ ಕಂಬ ಸುತ್ತಿದ್ದು ಒಂದೇ ದಿಕ್ಕಿಗಾದ್ದರಿಂದ ಅವರಿಗೆ ಬಲಕ್ಕೆ ಮಾತ್ರ ತಿರುಗಲು ಬರುತ್ತದಂತೆ, ಎಡಕ್ಕೆ ಬರುವುದಿಲ್ಲವಂತೆ. ಎಡಕ್ಕೆ ತಿರುಗುವ ವಿಧಾನ ನನಗೆ ಚೆನ್ನಾಗಿ ಗೊತ್ತಿದೆ. ಆದರೂ ಬರುವ ಗುರುವಾರ ನಾನು ಎಂದಿನಂತೆ 9-40ರ ಬಸ್ಸಿಗೆ ಜಮಖಂಡಿಗೆ ಹೋಗುತ್ತೇನೆ, 4-15ಕ್ಕೆ ಮುಂಚೆ ಬರುವುದಿಲ್ಲ, ಅವರಾಗಿ ಕೇಳುವ ತನಕ ಕಲಿಸಲು ಹೋಗುವುದಿಲ್ಲ ಎಂದು ಸ್ವಂತ ಇಚ್ಛೆಯಿಂದ ಬರೆದುಕೊಡುತ್ತೇನೆ.

ಈ ಮೇಲೆ ಬರೆದದ್ದೆಲ್ಲ ನಾನು ಕಂಡದ್ದು, ಮುಟ್ಟಿದ್ದು ಮತ್ತು ಇಂದು ನನ್ನ ಎದುರಿಗೆ ಹೇಳಿದ್ದು. ಓದಿ ನೋಡಿದ್ದೇನೆ. ಸರಿ ಇದೆ, ಸತ್ಯವಿದೆ.

ಸ್ಥಳ: ಬನಹಟ್ಟಿ
ದಿನಾಂಕ: 10-10-2025, ಶುಕ್ರವಾರ, ಮಧ್ಯಾಹ್ನ 2-55

(ಸಹಿ)
ವೀರೇಶ ಭೀಮಪ್ಪ ಹೂಲಿ