ಸಕ್ಕರೆಯಿಲ್ಲದ ಬಿಸ್ಕತ್ತು

ಸಾಲಿನಲ್ಲಿ ನಿಂತವರ ಕಿವಿಗೆ ಬಾಗಿಲು ಇರುವುದಿಲ್ಲ. ಔಷಧಿ ಅಂಗಡಿಯ ಸಾಲಿನಲ್ಲಿ ಒಬ್ಬ ದರ್ಜಿಯ ಮುಂದೆ ನಿಂತಿದ್ದ ಮುದುಕ ಮತ್ತು ಅವನ ಸೊಸೆ ಆಗಷ್ಟೇ ಡಾಕ್ಟರ ಕೋಣೆಯಿಂದ ಬಂದಿದ್ದರು.

“ಮಾವ, ಆ ಬಿಸ್ಕತ್ತಿನ ಮೇಲೆ ‘ಶುಗರ್ ಫ್ರೀ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತಲ್ಲ. ಅದಕ್ಕೇ ತರ್ತಿದ್ದೆ.”

“ನೀನು ಕೊಟ್ಟೆ, ನಾನು ತಿಂದೆ. ದಿನಾ ಒಂದು ಪೊಟ್ಟಣ.”

“ಸಕ್ಕರೆ ಹಾಕದಿದ್ರೂ ಆ ಮೈದಾನೇ ಹೊಟ್ಟೇಲಿ ಸಕ್ಕರೆ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ಡಾಕ್ಟರಿಗೆ ಗೊತ್ತಿತ್ತು. ನಾವು ಕೇಳ್ಲಿಲ್ಲ.”

ಸೊಸೆ ದನಿ ತಗ್ಗಿಸಿದಳು.

“ಶುಗರ್ ಏರಿದಾಗೆಲ್ಲ ನೀವೇ ಕದ್ದು ಸಿಹಿ ತಿಂತಿದ್ದೀರಿ ಅಂದ್ಕೊಂಡೆ. ಅಡುಗೆಮನೆ ಕಪಾಟಿಗೆ ಬೀಗ ಹಾಕಿದೆ.”

“ಹಾಕಿದ್ದಲ್ದೆ, ನಾನು ಕದ್ದು ತಿಂತೀನಿ ಅಂತ ನೆಂಟರೆದುರು ಹೇಳಿದೆ.”

“ತಿಂದಿಲ್ಲ ಅಂತ ನೀವೊಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ದೆನಮ್ಮ. ಎಲ್ಲರೂ ನಕ್ಕರು.”

ದರ್ಜಿ ತನ್ನ ಚೀಲದ ಬಾಯಿ ಮುಚ್ಚಿಕೊಂಡ. ಕದ್ದು ಸಿಹಿ ತಿಂದು ಶುಗರ್ ಏರಿಸಿಕೊಂಡಳೆಂದು ಬೆಳಗ್ಗೆ ಅವನಿಂದ ಬೈಸಿಕೊಂಡಿದ್ದ ಅವನಮ್ಮನಿಗೆಂದು ಕೊಂಡ ಅಂಥದೇ ಪೊಟ್ಟಣ ಅದರಲ್ಲಿತ್ತು.

ಸೊಸೆ ಕಪಾಟಿನ ಕೀಲಿಕೈ ತೆಗೆದು ಮಾವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಅವಳಿಗೇ ವಾಪಸು ಕೊಟ್ಟ.

“ಇಲ್ಲಿ ಬೇಡ. ಆ ನೆಂಟರನ್ನ ಇನ್ನೊಂದ್ಸಲ ಊಟಕ್ಕೆ ಕರಿ. ಅವರೆದುರು ಕೊಡು.”

ಮಾತ್ರೆ ಈಸಿಕೊಂಡು ಮುದುಕ ಹೊರಟ. ಅವಳು ಕೀಲಿಕೈ ಮುಷ್ಟಿಯಲ್ಲಿ ಹಿಡಿದು, ತಲೆಯೆತ್ತದೆ ಹಿಂದೆ ನಡೆದಳು.