ಡಿಸ್ಕಿಗೆ ಹತ್ತಿದ ಭಂಡಾರ

ದೇವರ ದೀಪದ ಮುಂದೆ ಕುಂತು ಹೇಳತೇನಿ, ಸುಳ್ಳು ಬೆರಸೂದಿಲ್ಲ. ಇದು ನಡದಿದ್ದು ನಮ್ಮ ಕಾಕಾನ ಮಗ ಅಮೋಘಿಗೆ, ಹ್ವಾದ ವರ್ಷ ಬ್ಯಾಸಗ್ಯಾಗ.

ಕಡೀ ಬಸ್ಸು ಅವನ್ನ ಸಾರವಾಡದಾಗ ಇಳಿಸಿ ಹೋತು. ತೋಟದ ಮನಿಗೆ ನಡಕೊಂಡ ಹೋಗಬೇಕು, ದಾರ್ಯಾಗ ಹಳೇ ಬಾವಿ. ಹೆಗಲ ಮ್ಯಾಲಿನ ಚೀಲದಾಗ ಟೇಪು ಸುತ್ತಿದ ಡಬ್ಬಿ, ಅದರಾಗ ಕಾರಿನ ಮುಂದಿನ ಗಾಲಿಯ ಎರಡು ಬ್ರೇಕ್ ಡಿಸ್ಕು, ಪ್ಯಾಡು. ಹೆಜ್ಜಿಗೊಮ್ಮೆ ಗಡಕ್... ಗಡಕ್...

ಮಧ್ಯಾಹ್ನ ವಿಜಯಪುರದ ಸ್ಟೇಷನ್ ರಸ್ತೆಯೊಳಗ ಆ ಸಾಮಾನು ಆರಿಸಿದ್ದು. ಗಾಡಿ ರಿಪೇರಿ ಮಾಡೂ ನಮ್ಮೂರ ಮಿಸ್ತ್ರಿ ಸಿಕಂದರ ಅಂಗಡ್ಯಾಗ ಜೊತಿಗಿದ್ದ.

"ಬರೇ ಪ್ಯಾಡು ಸಾಕಲ್ಲೋ?" ಅಂದ ಅಮೋಘಿ.

"ಲೇ, ಹಳೇ ಡಿಸ್ಕಿನ ಅಂಚಿಗೆ ಉಗುರು ಆಡಸಿ ನೋಡಿಯೇನು? ತಾಟಿನ ಅಂಚಿನಂಗ ಎದ್ದೈತಿ. ಸವದ ಡಿಸ್ಕಿಗೆ ಹೊಸ ಪ್ಯಾಡು ಸರಿ ಕೂಡಂಗಿಲ್ಲ. ನಾಳೆ ಹಿಂದಿನ ಸೀಟಿನ್ಯಾಗ ಯಾರು ಕುಂದ್ರತಾರ, ಅವರನ್ನ ನೆನಸಿ ಆರಸು."

ಕುಂದ್ರಾಕಿ ಅವನ ಹೇಣ್ತಿ ಚಂದ್ರಕಲಾ. ಉಡ್ಯಾಗ ಹಸಗೂಸು. ದವಾಖಾನಿಯಿಂದ ಮರುದಿನ ಮನಿಗೆ ಬಿಡವರಿದ್ರು. ಅಮೋಘಿ ಡಿಸ್ಕು, ಪ್ಯಾಡು ಎರಡೂ ಹೊಸಾವ ತಗೊಂಡ.

"ಪೂಜಿ ಮಾಡು, ಬ್ಯಾಡನ್ನೂದಿಲ್ಲ," ಅಂದ ಸಿಕಂದರ. "ಎಣ್ಣಿ ಮಾತ್ರ ಹಚ್ಚಬ್ಯಾಡ. ಎಣ್ಣಿ ಹತ್ತಿದ್ರ ಬ್ರೇಕ್ ಹಿಡಿಯಂಗಿಲ್ಲ."

ಹಂಗ ಹೇಳಾಕ ಕಾರಣ ಐತಿ. ನಮ್ಮ ಮಂದ್ಯಾಗ ಹೊಸ ಕಬ್ಬಿಣ ಮನಿಗೆ ಬಂದ್ರ ಒಂದು ರಾತ್ರಿ ದೇವರ ಮುಂದೆ ಇಟ್ಟು, ಎಣ್ಣಿ ಸವರಿ, ಅರಿಷಿಣದ ಭಂಡಾರ ಹಚ್ಚಿ ಆಮ್ಯಾಲೆ ಕೆಲಸಕ್ಕ ತಗೋಳೋದು. ಕುಡಗೋಲಿರಲಿ, ಟ್ರ್ಯಾಕ್ಟರ್ ಇರಲಿ. ಅಮೋಘಿಯ ಅವ್ವ ಬೋರವ್ವ ಇರೋತನಕ ಆ ಕೆಲಸ ಅಕೀದ. ಅಕಿ ಬಲಗೈಗೆ ನಡುಬೆರಳು ಇದ್ದಿಲ್ಲ; ಮೇವು ಕತ್ತರಸೋ ಮಷಿನ್ ಒಯ್ದಿತ್ತು. ಮೊಮ್ಮಕ್ಕಳ ಮಾರಿ ನೋಡಬೇಕಂತ ಭಾಳ ಹಂಬಲಿಸಿದ್ಲು... ನೋಡಲಿಲ್ಲ. ಅದೇ ಬಾವಿ ಕಟ್ಟಿ ಮ್ಯಾಲೆ ಕುಂತಾಕಿ ಕುಂತಂಗ ಹ್ವಾದ್ಲು.

ಬಾವಿ ಸಮೀಪ ಬಂದಾಗ ನೀರು ಸೇದೂ ಗಡಗಡಿ ತಿರುಗಿದ ಸದ್ದು. ಕಿರ್... ಕಿರ್... ಹಗ್ಗ ಇಲ್ಲದ ಗಡಗಡಿ ಅದು. ಕೆಳಗ ನೀರು ಬುಳುಕ್ ಅಂತು.

"ಹೊಸ ಕಬ್ಬಿಣ ತಂದಿ?" ಮುದುಕಿ ದನಿ. ಪಿಸುಮಾತು.

ತೋಟದಾಕಿ ಯಾರೋ ಅಂತ ತಿಳದ. "ಹೌದಬೇ. ಕಾರಿಂದು."

"ಎಣ್ಣಿ?"

"ಇದಕ್ಕ ಹಚ್ಚಾಂಗಿಲ್ಲಬೇ."

ಗಡಗಡಿ ಮತ್ತ ಕಿರ್ ಅಂತು.

"ಹಂಗಾರ ಕೂಸಿನ್ನ ಯಾರು ಕಾಯವರು?"

ಕೂಸಿನ ಸುದ್ದಿ ಇಕಿಗೆ ಹೆಂಗ ಗೊತ್ತು? ಬ್ಯಾಟರಿ ಬೆಳಕು ಬಿಟ್ಟ. ಕಟ್ಟಿ ಖಾಲಿ.

ಓಡಿ ಮನಿಗೆ ಬಂದ. ಡಬ್ಬಿ ಬಿಚ್ಚದನ ಹಂಗ ದೇವರ ಮುಂದೆ ಇಟ್ಟ. ರಾತ್ರಿಪೂರ್ತಿ ಕಣ್ಣು ಮುಚ್ಚಲಿಲ್ಲ.

ಮುಂಜಾನೆ ಸಿಕಂದರ ಬಂದು ಟೇಪು ಕೊಯ್ದು ಡಿಸ್ಕು ತಗದ. "ಹುಚ್ಚಾ! ಬ್ಯಾಡಂದ್ರೂ ಹಚ್ಚೀಯಲ್ಲೋ!"

"ಟೇಪು ಈಗ ನೀನ ಕೊಯ್ದಿ."

ಸಿಕಂದರ ಡಿಸ್ಕು ಬೆಳಕಿಗೆ ಹಿಡದ. "ತುಕ್ಕು ಹಿಡೀಬಾರ್ದಂತ ಕಂಪನಿಯವರು ಎಣ್ಣಿ ಸವರಿರತಾರ..."

"ಭಂಡಾರನೂ ಸವರತಾರೇನು?"

ಎರಡೂ ಡಿಸ್ಕಿನ ಮ್ಯಾಲೆ ಹಳದಿ ಬೆರಳಿನ ಗೆರಿ. ಒಂದು ಗೆರಿ... ನಡುವ ಖಾಲಿ ಜಾಗ... ಮತ್ತೆರಡು ಗೆರಿ.

ಸಿಕಂದರ ಪೆಟ್ರೋಲಿನ್ಯಾಗ ಅದ್ದಿದ ಅರಿವಿ ಎತ್ತಿದ. ಅಮೋಘಿ ಅವನ ಕೈ ಹಿಡದ. ಒರಸಿದ್ರ ಅವ್ವನ ಕೈ ಅಳಿಸಿದಂಗ. ಬಿಟ್ರ ಕೂಸಿನ ಜೀವ. ಕಡೀಕೆ ಅರಿವಿ ತಾನ ಇಸಕೊಂಡ. "ಯವ್ವಾ, ಸಿಟ್ಟಾಗಬ್ಯಾಡ. ಕೂಸು ಬರೂದೈತಿ..." ಅಂತ ಅಳಕೋತ ಒರಸಿದ.

ಡಿಸ್ಕು ಕೂಡ್ರಿಸಿ, ದವಾಖಾನಿಗೆ ಹೋಗಿ ತಾಯಿ ಕೂಸಿನ್ನ ಕರಕೊಂಡು ತಿರುಗಿ ಬರೂವಾಗ ಕತ್ತಲಾಗಿತ್ತು. ಮುಂದಿನ ಸೀಟಿನ್ಯಾಗ ನಾನ ಇದ್ದೆ. ಧೂಳು ಬರತೈತಂತ ಗ್ಲಾಸು ಎಲ್ಲಾ ಏರಿಸಿದ್ವಿ. ಬಾವಿ ಹತ್ರ ಒಂದು ಎಮ್ಮಿ ದಡಕ್ಕನ ಅಡ್ಡ ಬಂತು. ಅಮೋಘಿ ಬ್ರೇಕ್ ತುಳದ. ಗಾಲಿ ಸರ್ರ್ ಅಂದು, ಎಮ್ಮಿ ಮೈಗೆ ಗೇಣು ದೂರದಾಗ ಕಾರು ನಿಂತು ಬಿಡ್ತು.

ಎಮ್ಮಿ ಹೋತು. ಆಮ್ಯಾಲೆ... ಕಿರ್... ಕಿರ್... ಗಡಗಡಿ.

"ಗ್ಲಾಸು ಯಾರು ಇಳಸಿದ್ರಿ?" ಅಂದ್ಲು ಚಂದ್ರಕಲಾ, ಸಣ್ಣ ದನಿಲೆ.

"ಯಾರೂ ಇಳಸಿಲ್ಲ."

"ಮತ್ತ ಕೂಸಿನ ಹಣಿ ಯಾಕ ಹಸಿ ಆಗೇತ್ರಿ?"

ನಾ ಲೈಟ್ ಹಚ್ಚಿದೆ. ಕೂಸು ನಿದ್ದ್ಯಾಗ ನಗಾಕತ್ತಿತ್ತು. ಹಣಿಮ್ಯಾಲೆ, ತಲಿಗೆ ಕಟ್ಟಿದ ಕುಂಚಿಗಿ ಅಂಚಿನತನಕ, ಎಣ್ಣಿ ಇಳಿಯಾಕತ್ತಿತ್ತು.

ತೊಳ್ಯಾಕ ತಂದ ಆ ಕುಂಚಿಗಿ ಇನ್ನೂ ನಮ್ಮ ಮನ್ಯಾಗ ಐತಿ, ಬೇಕಾದ್ರ ಬಂದು ನೋಡ್ರಿ. ನಮ್ಮಾಕಿ ಎಷ್ಟ ಸಲ ಸಾಬಾಣ ಹಚ್ಚಿ ತಿಕ್ಕ್ಯಾಳ. ಒಂದು ಹಳದಿ ಗೆರಿ, ನಡುವ ಬಿಳೇ ಜಾಗ, ಮತ್ತೆರಡು ಗೆರಿ.