ಮಹಾರಾಜರು ಮಧ್ಯೆ ಬಾಯಿ ಹಾಕುವುದಿಲ್ಲ

ವೇದಿಕೆಯನ್ನು ಅಲಂಕರಿಸಿರುವ ಸಂಘದ ಅಧ್ಯಕ್ಷರಾದ ಶ್ರೀನಾಥ ಅವರೇ, ಪ್ರತಿಮೆಯ ಅನಾವರಣಕ್ಕೆಂದು ಒಟ್ಟಾವಾದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಈ ನವೆಂಬರ್ ಚಳಿಯಲ್ಲೂ ಸ್ವೆಟರಿನ ಮೇಲೆ ರೇಷ್ಮೆ ಸೀರೆ ಉಟ್ಟು ಬಂದಿರುವ ತಾಯಂದಿರೇ, ಬಿಸಿಬೇಳೆಬಾತಿನ ವಾಸನೆ ಹಿಡಿದು ಬಾಗಿಲ ಬಳಿಯೇ ನಿಂತಿರುವ ಸಭಿಕರೇ,

ಪ್ರತಿಮಾ ಸಮಿತಿಯ ಸಂಚಾಲಕನಾಗಿ ಎರಡು ಮಾತಾಡು ಭಾಸ್ಕರ ಎಂದಿದ್ದಾರೆ. ನನ್ನ ಎರಡು ಮಾತು ಎಷ್ಟು ಹೊತ್ತಿನದೆಂದು ಗೊತ್ತಿದ್ದವರು ಆಗಲೇ ಹಿಂದಿನ ಸಾಲು ಹಿಡಿದಿದ್ದೀರಿ.

ರೆಕ್ಸ್‌ಡೇಲಿನ ಈ ಹಾಲಿಗೆ ಮೈಸೂರು ಮಹಾರಾಜರ ಪ್ರತಿಮೆ ಏಕೆ ಬೇಕಿತ್ತು? ಡೌನ್‌ಟೌನಿನ ಪಾರ್ಕಿನಲ್ಲಿ ಕುದುರೆಯ ಮೇಲೆ ಕುಳಿತ ಇಂಗ್ಲೆಂಡಿನ ದೊರೆಯನ್ನು ನೋಡಿದ್ದೀರಲ್ಲ? ಅವರು ಮೊದಲು ದೆಹಲಿಯಲ್ಲಿದ್ದವರು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಬೇಡವಾಗಿ ಇಲ್ಲಿಗೆ ಬಂದು ಸೆಟಲ್ ಆದರು. ಅವರ ರಾಜರಿಗೇ ಇಮಿಗ್ರೇಷನ್ ಸಿಕ್ಕಿರುವಾಗ ನಮ್ಮ ರಾಜರಿಗೆ ಏಕೆ ಸಿಗಬಾರದು? ಹೀಗೆಂದು ಮೀಟಿಂಗಿನಲ್ಲಿ ಮೇಜು ಕುಟ್ಟಿದೆ. ಚಪ್ಪಾಳೆ ಬಿತ್ತು. ಆಗಲೇ ಕುಳಿತುಬಿಡಬೇಕಿತ್ತು.

“ನಮ್ಮ ಊರು ಆಗ ಮದ್ರಾಸಿಗೆ ಸೇರಿದ್ದು ಮಾರಾಯ್ರೆ, ನಿಮ್ಮ ರಾಜರು ನಮಗೆ ಏನು ಮಾಡಿದ್ದುಂಟು?” ಎಂದು ಉಡುಪಿಯ ದೇರಣ್ಣನವರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ರಾಜರನ್ನು ಸಾಗಿಸಲು ವ್ಯಾನು ಕೊಟ್ಟವರೂ ಅವರೇ.

ಎರಡು ಸಾವಿರದ ಒಂದರ ಚಳಿಗಾಲದಲ್ಲಿ ಮಹಾರಾಜರು ಮೈಸೂರಿನಿಂದ ಬಂದಿಳಿದರು. ಫೈಬರಿನ ಮೈ, ಜರತಾರಿ ಪೇಟ, ಮುಂದೆ ಚಾಚಿದ ಬಲಗೈ. ಹಾಲು ಸಿದ್ಧವಿರಲಿಲ್ಲ. ಗರಾಜಿನ ಚಳಿಗೆ ಬಣ್ಣ ಬಿರುಕು ಬಿಡುತ್ತದೆಂದು ಶಿಲ್ಪಿ ಹೆದರಿಸಿದರು. ಹಾಗಾಗಿ ಎರಿನ್ ಮಿಲ್ಸಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಟೀವಿಯ ಪಕ್ಕ ನಿಲ್ಲಿಸಿದೆವು. ಎರಡು ವಾರದ ಮಾತು ಎಂದಿದ್ದೆ. ಮೂರು ವರ್ಷ ನಿಂತರು. ಓದಲು ಬೇರೆ ಊರಿಗೆ ಹೋಗಿದ್ದ ಮಗಳು ನಿಧಿ ಫೋನಿನಲ್ಲಿ, “ಅಪ್ಪಾ, ಈಸ್ ದ ಕಿಂಗ್ ಪೇಯಿಂಗ್ ರೆಂಟ್?” ಎಂದು ಕೇಳುತ್ತಿದ್ದಳು.

ಏಕೆ ಮೂರು ವರ್ಷ? ರಾಜರ ಮುಖ ಯಾವ ದಿಕ್ಕಿಗಿರಬೇಕು ಎಂಬುದು ತೀರ್ಮಾನವಾಗಲಿಲ್ಲ. ದಕ್ಷಿಣಕ್ಕೆ ಬೇಡ. ಪೂರ್ವಕ್ಕೆ ಶೌಚಾಲಯ. ಉತ್ತರಕ್ಕೆ ತಿರುಗಿಸಿದರೆ ಸಭೆಗೆ ಬೆನ್ನು. ಪಶ್ಚಿಮಕ್ಕೆ ಗೋಡೆ. ವಾರವಿಡೀ ಊರಿನ ಆ ತುದಿಯ ಪಿಕರಿಂಗಿನಲ್ಲಿ ನನ್ನ ಕೆಲಸ, ಶನಿವಾರ ಭಾನುವಾರ ದಿಕ್ಕಿನ ಮೀಟಿಂಗು. ರಾಜರ ಕೆಲಸಕ್ಕೆಂದು ನಾನು ಹೊರಗೆ, ರಾಜರು ನನ್ನ ಮನೆಯಲ್ಲಿ. ಸಂಘಸೇವೆ ಎಂದರೆ ಇದೇ ಅಲ್ಲವೇ?

ಒಂದು ದಿನ ಹಿಮ ಬಿದ್ದು ಆಫೀಸು ಬೇಗ ಬಿಟ್ಟಿತು. ಮನೆಗೆ ಬಂದರೆ ಒಳಗೆ ಮಾತು ಕೇಳಿಸುತ್ತಿದೆ. ನನ್ನ ಪತ್ನಿ ಭಾನುಮತಿ, ಎಷ್ಟೋ ದಿನದಿಂದ ನಾನು ಕೇಳಿರದ ಲವಲವಿಕೆಯ ದನಿಯಲ್ಲಿ, “ಮಹಾಸ್ವಾಮಿ, ಇವತ್ತು ನುಗ್ಗೇಕಾಯಿ ಸಿಕ್ತು. ಇವ್ರಿಗೆ ಹೇಳಿದ್ರೆ ಹೂಂ ಅಂತಾರೆ, ಅಷ್ಟೇ. ನಿಧಿ ಹೋದ್ಮೇಲೆ ಮನೇಲಿ ಕನ್ನಡ ಆಡೋಕೆ ಯಾರಿದಾರೆ ಹೇಳಿ?” ಎನ್ನುತ್ತಿದ್ದಳು. ಅವಳ ಶಾಲು ಮಹಾರಾಜರ ಬಲಗೈಯ ಮೇಲಿತ್ತು.

ಯಾರ ಹತ್ತಿರ ಮಾತು ಎಂದೆ. “ರಾಜರ ಹತ್ರ. ಅವ್ರು ಮಧ್ಯೆ ಬಾಯಿ ಹಾಕಲ್ಲ” ಎಂದಳು.

ಸಭಿಕರೇ, ಗಂಡಸಾದವನಿಗೆ ಫೈಬರಿನ ಮೇಲೆ ಹೊಟ್ಟೆಕಿಚ್ಚು ಬರಬಹುದೇ? ಬಂತು. ಮುಂದಿನ ಮೀಟಿಂಗಿನಲ್ಲಿ ನಾನು ಏಕಾಏಕಿ ಉದಾರಿಯಾಗಿ, “ಶೌಚಾಲಯದ ಕಡೆಗೇ ಮುಖವಿರಲಿ, ಬೇಗ ಸಾಗಿಸಿ” ಎಂದದ್ದು ಶ್ರೀನಾಥರಿಗೆ ನೆನಪಿರಬಹುದು. ಅದನ್ನು ಅವರು ನನ್ನ ದೊಡ್ಡ ಮನಸ್ಸು ಎಂದು ವರದಿಯಲ್ಲಿ ಬರೆಸಿದ್ದಾರೆ. ಇದನ್ನು ಇಲ್ಲಿ ಹೇಳಬಾರದಿತ್ತೇನೋ.

ಕಳೆದ ಶನಿವಾರ ದೇರಣ್ಣನವರ ವ್ಯಾನು ಬಂತು. “ಮಲಗಿಸ್ಕೊಂಡು ಹೋಗ್ಬೇಡಿ, ನನ್ನ ಕೈಲಿ ನೋಡಕ್ಕಾಗಲ್ಲ” ಎಂದಳು ಭಾನು. ವ್ಯಾನು ಗಿಡ್ಡ, ರಾಜರು ಉದ್ದ. ಮಲಗಿಸಿಯೇ ಒಯ್ದೆವು. ಅಂದಿನಿಂದ “ಊಟ” ಎಂಬ ಒಂದು ಪದ ಬಿಟ್ಟರೆ ನಮ್ಮ ಮನೆಯಲ್ಲಿ ಕನ್ನಡವಿಲ್ಲ. ನನಗೆ ಬಹಳ ಸಂಕಟವಾಗಿದೆ.

ಕಾರ್ಪೆಟ್ಟಿನ ಮೇಲೆ ರಾಜರ ಪೀಠದ ಗುರುತು ಹಾಗೇ ಉಳಿದಿದೆ. ಇವತ್ತು ಬೆಳಗ್ಗೆ ನಾನು ಅದರ ಮೇಲೆ ಹೋಗಿ ನಿಂತೆ. ಸುಮ್ಮನೆ, ಬಲಗೈ ಚಾಚಿಕೊಂಡು. ಭಾನು ಬಂದು ಒಂದು ಕ್ಷಣ ನೋಡಿದಳು. ಆಮೇಲೆ ಶಾಲನ್ನು ನನ್ನ ಕೈಮೇಲೆ ಹಾಕಿ ಬೂಟು ಹಾಕಿಕೊಳ್ಳಲು ಕುಳಿತಳು.

ಪ್ರತಿಮೆಗೆ ಹೊದಿಸಿರುವ ಮಾವಿನ ಬಣ್ಣದ ಸೀರೆ ಅವಳದು. ಯಾರೂ ಕೇಳಿರಲಿಲ್ಲ, ಅವಳೇ ತಂದು ಹೊದಿಸಿದಳು. ಮುಖ್ಯ ಅತಿಥಿಗಳು ದೊಡ್ಡ ಮನಸ್ಸು ಮಾಡಬೇಕು. ಆ ಸೀರೆಯನ್ನು ಅವಳೇ ಸರಿಸಲಿ. ಭಾನು, ಬರ್ತೀಯಾ?

ತಲೆ ಅಲ್ಲಾಡಿಸುತ್ತಿದ್ದಾಳೆ. ಬರುವುದಿಲ್ಲವಂತೆ. ಬಲವಂತವಿಲ್ಲ.

ಇಲ್ಲ, ಎದ್ದಳು. ದಾರಿ ಬಿಡಿ ದೇರಣ್ಣನವರೇ.

ನನ್ನ ಕೈಯಲ್ಲಿ ಇನ್ನೂ ನಾಲ್ಕು ಹಾಳೆ ಭಾಷಣವಿದೆ. ಅವಳು ರಾಜರಿಗೆ ಏನೋ ಹೇಳುವವಳಂತೆ ಕಾಣುತ್ತಾಳೆ. ಮಧ್ಯೆ ಬಾಯಿ ಹಾಕಬಾರದಲ್ಲವೇ? ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ವಂದನೆಗಳು. ನಾನು ಕೇಳಿಸಿಕೊಳ್ಳಲು ಕೆಳಗೆ ಹೋಗುತ್ತೇನೆ. ನಮಸ್ಕಾರ.